ಕಾಡನ್ನು ಕೇಳಿ ಕಟ್ಟಿದ ಹೋಟೆಲ್

ಟೋಕಿಯೊದಲ್ಲಿ ಹೊಕುರಿಕು ಶಿಂಕಾನ್‌ಸೆನ್ ರೈಲು ಹತ್ತಿದರೆ ಹೆಚ್ಚುಕಡಿಮೆ 70 ನಿಮಿಷಕ್ಕೆ ಕರುಯಿಜಾವಾ ಬರುತ್ತದೆ. ನಗಾನೊ ಪ್ರಾಂತದ ಈ ಊರು ಸಮುದ್ರಮಟ್ಟದಿಂದ ಸುಮಾರು 1,000 ಮೀಟರ್ ಎತ್ತರದಲ್ಲಿದೆ. ಊರಿನ ಬೆನ್ನಿಗೆ ನಿಂತಿರುವುದು 2,568 ಮೀಟರ್ ಎತ್ತರದ ಅಸಾಮಾ, ಇಂದಿಗೂ ಆರದ ಜ್ವಾಲಾಮುಖಿ. ಆಗಸ್ಟಿನಲ್ಲಿ ಟೋಕಿಯೊದ ಜನ ಬೆವರಿ ಬಸವಳಿಯುವಾಗ ಇಲ್ಲಿ ಸಂಜೆಯಾದರೆ ಸ್ವೆಟರ್ ಹುಡುಕಬೇಕು. ಈ ಊರಿನ ಮರಗಳ ನಡುವೆ ಶಿಶಿ-ಇವಾ ಹೌಸ್ ಎಂಬ ಪುಟ್ಟ ಹೋಟೆಲ್ ಇದೆ. 2019ರಲ್ಲಿ ಬಾಗಿಲು ತೆರೆದ ಅದರ ಮೊದಲ ಕಟ್ಟಡದಲ್ಲಿ ಕೋಣೆಗಳು ಕೇವಲ 10. ವಿನ್ಯಾಸ ಮಾಡಿದವರು ಶಿಗೆರು ಬಾನ್. ಬೆಟ್ಟದ ಕಾಡಿನಲ್ಲಿ ಹೋಟೆಲ್ ಕಟ್ಟುವುದೆಂದರೆ ಮೊದಲು ಜೆಸಿಬಿ ತಂದು ಜಾಗ ಸಮ ಮಾಡುವುದು ಎಂದು ನಂಬಿರುವ ಎಲ್ಲರೂ ಈ ಕಟ್ಟಡದ ನಕ್ಷೆಯನ್ನು ಒಮ್ಮೆ ನೋಡಬೇಕು.

ನಕ್ಷೆಯಲ್ಲಿ ನೇರ ಗೆರೆಗಳು ಕಡಿಮೆ. ಎರಡು ಅಂತಸ್ತಿನ ಮರದ ಕಟ್ಟಡ ಹಾವಿನಂತೆ ಬಳುಕುತ್ತ ಸಾಗುತ್ತದೆ. ದೊಡ್ಡ ಮರ ಎದುರಾದಲ್ಲಿ ಗೋಡೆ ಒಳಕ್ಕೆ ಸರಿದಿದೆ, ಮರಗಳ ನಡುವೆ ತೆರಪು ಸಿಕ್ಕಲ್ಲಿ ಹೊರಕ್ಕೆ ಉಬ್ಬಿದೆ. ಮರ ಉಳಿಸಲು ಕಟ್ಟಡದಲ್ಲೊಂದು ತೂತು ಬಿಟ್ಟು, ಅದನ್ನೇ ಅಲಂಕಾರವೆಂದು ತೋರಿಸುವ ಉಪಾಯ ಇಲ್ಲಿಲ್ಲ. ಇಡೀ ಕಟ್ಟಡವೇ ಮರಗಳಿಗೆ ದಾರಿ ಬಿಟ್ಟು ನಿಂತಿದೆ. ಮೇಲಿನ ಚಾವಣಿಯೂ ಸಪಾಟಾಗಿಲ್ಲ. ದೂರದ ಗುಡ್ಡಸಾಲಿನ ಹಾಗೆ ಏರಿಳಿಯುತ್ತದೆ. ಹೊರಗಿನಿಂದ ಎಲ್ಲಿ ನಿಂತರೂ ಕಟ್ಟಡ ಪೂರ್ತಿ ಕಣ್ಣಿಗೆ ಸಿಕ್ಕುವುದಿಲ್ಲ. ಒಂದು ಬಳುಕು ಕಾಣುತ್ತದೆ, ಆಚೆಯದನ್ನು ಕಾಂಡಗಳು ಮರೆಮಾಡುತ್ತವೆ.

ಇಷ್ಟು ಬಳುಕಿದ ಗೋಡೆಯನ್ನು ಮರದಲ್ಲಿ ಕಟ್ಟುವುದು ಸುಲಭದ ಕೆಲಸವಲ್ಲ. ಬಾನ್ ಆರಿಸಿಕೊಂಡದ್ದು ಮರದ ಚೌಕಟ್ಟಿಗೆ ಪ್ಲೈವುಡ್ ಹೊದಿಸಿದ ಹಲಗೆಗಳನ್ನು. ಇವು ಮೊದಲೇ ಬೇರೆಡೆ ತಯಾರಾಗಿ ಬಂದು, ಜಾಗದಲ್ಲಿ ಒಂದರ ಪಕ್ಕ ಒಂದಾಗಿ ಜೋಡಣೆಯಾದವು. ಕಾಡಿನಲ್ಲಿ ಕೊಯ್ಯುವ, ಕತ್ತರಿಸುವ, ಕಲಸುವ ಗದ್ದಲ ಕಡಿಮೆಯಾದಷ್ಟೂ ಬೇರುಗಳಿಗೆ ಪೆಟ್ಟು ಕಡಿಮೆ. ವಾಸ್ತುಶಿಲ್ಪದ ಪತ್ರಿಕೆಗಳಲ್ಲಿ ಈ ಕಟ್ಟಡದ ಚಾವಣಿಯ ಚಿತ್ರಗಳೇ ಹೆಚ್ಚು. ನನಗೆ ಈ ಜೋಡಣೆಯ ಕ್ರಮವೇ ಅದಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಒಳಗಿನ ಏರ್ಪಾಡಿನಲ್ಲೂ ಒಂದು ಯೋಚನೆಯಿದೆ. ಮಲಗುವ ಕೋಣೆಗಳು ಅಚ್ಚುಕಟ್ಟು, ಅಗತ್ಯಕ್ಕಿಂತ ದೊಡ್ಡವಲ್ಲ. ಉಳಿದ ಜಾಗವನ್ನೆಲ್ಲ ಎಲ್ಲರೂ ಕೂರುವ ದೊಡ್ಡ ಕೋಣೆಗಳಿಗೆ ಕೊಟ್ಟಿದ್ದಾರೆ. ಕೆಲವು ಕೋಣೆಗಳ ಗುಂಪು, ಅವುಗಳ ನಡುವೆ ಒಂದು ಹಂಚಿಕೊಂಡ ಕೂಟದ ಮನೆ, ಕಾಡಿನ ಕಡೆಗೆ ಅಗಲವಾದ ಗಾಜು. ದುಬಾರಿ ಹೋಟೆಲುಗಳು ಸಾಮಾನ್ಯವಾಗಿ ಅತಿಥಿಗೆ ಮಾರುವುದು ಏಕಾಂತವನ್ನು: ನಿಮ್ಮದೇ ಬಾಗಿಲು, ನಿಮ್ಮದೇ ಈಜುಕೊಳ, ಪಕ್ಕದವರ ಮುಖವೂ ಕಾಣದಂಥ ವ್ಯವಸ್ಥೆ. ಇಲ್ಲಿ ಹಾಗಲ್ಲ. ಪುಸ್ತಕ ಹಿಡಿದು ಹೊರಗೆ ಬಂದರೆ ಅಪರಿಚಿತರ ಪಕ್ಕ ಕೂರಬೇಕಾಗುತ್ತದೆ, ಇಬ್ಬರೂ ಅದೇ ಮರಗಳನ್ನು ನೋಡುತ್ತೀರಿ. ನಮ್ಮ ಹಳೆಯ ಮನೆಗಳಲ್ಲಿ ಒಳಕೋಣೆ ಸಣ್ಣದಿದ್ದು ಜಗುಲಿ ಉದ್ದವಾಗಿರುತ್ತಿತ್ತಲ್ಲ, ಲೆಕ್ಕಾಚಾರ ಅದೇ. ಜಪಾನಿನ ಹಳೆಯ ಮನೆಗಳಿಗೂ ತೋಟದ ಅಂಚಿಗೆ ಇಂಥದೊಂದು ಮರದ ಜಗುಲಿ ಇರುತ್ತದೆ, ಎಂಗಾವಾ ಎಂದು ಹೆಸರು. ಒಳಗೂ ಅಲ್ಲದ ಹೊರಗೂ ಅಲ್ಲದ ಆ ಜಾಗವನ್ನು ಬಾನ್ ಎರಡು ಅಂತಸ್ತಿಗೆ ಹಿಗ್ಗಿಸಿದ್ದಾರೆ.

ಬಾನ್ ಯಾರು ಎನ್ನುವುದು ತಿಳಿದರೆ ಈ ಕಟ್ಟಡದ ವಿನಯ ಎಲ್ಲಿಂದ ಬಂತೆಂಬುದೂ ತಿಳಿಯುತ್ತದೆ. 1957ರಲ್ಲಿ ಟೋಕಿಯೊದಲ್ಲಿ ಹುಟ್ಟಿ, ಅಮೆರಿಕದಲ್ಲಿ ಓದಿದವರು. 1980ರ ದಶಕದಲ್ಲೇ ಕಾಗದದ ಕೊಳವೆಗಳನ್ನು ಕಟ್ಟಡಕ್ಕೆ ಬಳಸುವ ಪ್ರಯೋಗ ಆರಂಭಿಸಿದರು. ಬಟ್ಟೆ, ಫ್ಯಾಕ್ಸ್ ಕಾಗದ ಸುತ್ತಿಡುತ್ತಾರಲ್ಲ, ಅಂಥ ರಟ್ಟಿನ ಕೊಳವೆಗಳು. 1994ರಲ್ಲಿ ರುವಾಂಡಾದ ನರಮೇಧದಿಂದ ಲಕ್ಷಾಂತರ ಜನ ನಿರಾಶ್ರಿತರಾದಾಗ, ಶಿಬಿರದ ಗುಡಾರಗಳಿಗೆ ಗೂಟ ಬೇಕೆಂದು ಸುತ್ತಲಿನ ಕಾಡು ಕಡಿಯತೊಡಗಿದರು. ಕಾಡು ಉಳಿಸಲು ವಿಶ್ವಸಂಸ್ಥೆ ಅಲ್ಯೂಮಿನಿಯಂ ಕೊಳವೆ ಹಂಚಿದರೆ, ಕೈಯಲ್ಲಿ ಕಾಸಿಲ್ಲದ ಜನ ಅದನ್ನು ಮಾರಿ ಮತ್ತೆ ಮರಕ್ಕೇ ಕೊಡಲಿ ಹಾಕಿದರು. ಮಾರಿದರೆ ಬೆಲೆ ಸಿಗದ, ಆದರೆ ಗುಡಾರ ನಿಲ್ಲಿಸುವಷ್ಟು ಗಟ್ಟಿಯಾದ ಕಾಗದದ ಕೊಳವೆಯನ್ನು ವಿಶ್ವಸಂಸ್ಥೆಯ ಮುಂದಿಟ್ಟವರು ಬಾನ್. 1995ರ ಕೋಬೆ ಭೂಕಂಪದ ನಂತರ ಮನೆ ಕಳೆದುಕೊಂಡವರಿಗೆ ಅದೇ ಕೊಳವೆಗಳ ಪುಟ್ಟ ಮನೆ ಕಟ್ಟಿಸಿದರು. ಅಡಿಪಾಯಕ್ಕೆ ಮರಳುಚೀಲ ತುಂಬಿದ ಬಿಯರ್ ಕ್ರೇಟುಗಳು.

2001ರ ಭೂಕಂಪದ ನಂತರ ಅವರು ಗುಜರಾತಿನ ಭುಜ್‌ಗೂ ಬಂದರು. ಅಲ್ಲಿ ಬಿಯರ್ ಕ್ರೇಟ್ ಎಲ್ಲಿಂದ ತರುವುದು? ಕುಸಿದ ಮನೆಗಳ ಅವಶೇಷವನ್ನೇ ಅಡಿಪಾಯಕ್ಕೆ ತುಂಬಿಸಿ, ಮೇಲೆ ಮಣ್ಣಿನ ನೆಲ ಹಾಕಿಸಿ, ಚಾವಣಿಗೆ ಬಿದಿರಿನ ಕಮಾನು, ಹೆಣೆದ ಚಾಪೆ ಬಳಸಿದರು. ಚಾಪೆಯ ಸಂದುಗಳಲ್ಲಿ ಗಾಳಿಯಾಡಿ ಒಳಗೆ ಅಡುಗೆ ಮಾಡಲೂ ಸಾಧ್ಯವಾಯಿತು. 2014ರಲ್ಲಿ ವಾಸ್ತುಶಿಲ್ಪದ ಪ್ರಿಟ್ಸ್ಕರ್ ಪ್ರಶಸ್ತಿ ಬಂದಾಗ ತೀರ್ಪುಗಾರರು ಎತ್ತಿ ಹೇಳಿದ್ದರಲ್ಲಿ ಈ ನಿರಾಶ್ರಿತರ ಮನೆಗಳ ಕೆಲಸವೂ ಇತ್ತು. ಇರುವ ಜಾಗವನ್ನು, ಇರುವ ಸಾಮಗ್ರಿಯನ್ನು ಗೌರವಿಸುವ ಆ ಅಭ್ಯಾಸವೇ ಕರುಯಿಜಾವಾದ ಶ್ರೀಮಂತ ಹೋಟೆಲಿನಲ್ಲೂ ಮುಂದುವರಿದಿದೆ. ಶ್ರೀಮಂತ ಎಂದದ್ದು ಬಾಡಿಗೆಯ ಕಾರಣಕ್ಕೆ. ಒಂದು ರಾತ್ರಿಯ ದರ ಸಾಮಾನ್ಯ ಪ್ರವಾಸಿಯ ಕೈಗೆ ಎಟುಕುವಂಥದಲ್ಲ. ಹಾಗೆಂದು ಈ ಕಟ್ಟಡವನ್ನು ಸಿರಿವಂತರ ಆಟಿಕೆಯೆಂದು ಬದಿಗೆ ಸರಿಸಲು ನನಗೆ ಮನಸ್ಸಿಲ್ಲ.

ಕಾರಣ, ಅದು ನಿಂತಿರುವ ಕಾಡಿನ ಕಥೆ. ಕರುಯಿಜಾವಾದ ಕಾಡನ್ನು ಕಂಡವರು ಅನಾದಿಯಿಂದ ಇದ್ದದ್ದೆಂದು ಭಾವಿಸುತ್ತಾರೆ. ನಿಜದಲ್ಲಿ ಇದು ಬಹುಪಾಲು ಜನ ನೆಟ್ಟ ಕಾಡು. ಅಸಾಮಾ ಉಗುಳಿದ ಬೂದಿ, ಹಗುರ ಕಲ್ಲುಗಳ ಮೇಲೆ ಹುಲ್ಲು ಬೆಳೆಯುವ ಬಯಲೇ ಇಲ್ಲಿ ಹೆಚ್ಚಾಗಿತ್ತು. 1783ರ ಮಹಾಸ್ಫೋಟದಲ್ಲಿ ಉತ್ತರದ ತಪ್ಪಲಿನ ಹಳ್ಳಿಗಳೇ ಹೂತುಹೋಗಿದ್ದವು. ಜಪಾನ್ ಆಧುನಿಕತೆಗೆ ತೆರೆದುಕೊಂಡ ಮೇಜಿ ಯುಗದಲ್ಲಿ ಅಮೆನೊಮಿಯಾ ಕೆಯಿಜಿರೊ ಎಂಬ ಉದ್ಯಮಿ ಇಲ್ಲಿ ವಿಸ್ತಾರವಾದ ಭೂಮಿ ಕೊಂಡು ಬೇಸಾಯಕ್ಕೆ ಕೈಹಾಕಿದರು. ಬೂದಿನೆಲ, ಕೊರೆಯುವ ಚಳಿ, ಬೆಳೆ ಕೈಹತ್ತಲಿಲ್ಲ. ಆಗ ಅವರು ನೆಡಿಸಿದ್ದು ಕರಾಮಾತ್ಸು, ಅಂದರೆ ಜಪಾನಿನ ಲಾರ್ಚ್. ಬಡ ಮಣ್ಣಿನಲ್ಲೂ ಬೇಗ ಬೆಳೆಯುವ ಮರ. ಸೂಜಿಯೆಲೆಯ ಮರಗಳಲ್ಲಿ ಎಲೆ ಉದುರಿಸುವಂಥವು ಅಪರೂಪ, ಇದು ಅವುಗಳಲ್ಲೊಂದು: ಶರತ್ಕಾಲದಲ್ಲಿ ಬಂಗಾರದ ಬಣ್ಣಕ್ಕೆ ತಿರುಗಿ ನವೆಂಬರಿನಲ್ಲಿ ಸೂಜಿಸೂಜಿಯಾಗಿ ಉದುರುತ್ತದೆ.

ಮರ ನೆಟ್ಟ ಕಾಲದಲ್ಲೇ ಮನೆಗಳೂ ಬಂದವು. 1886ರಲ್ಲಿ ಕೆನಡಾ ಮೂಲದ ಪಾದ್ರಿ ಅಲೆಕ್ಸಾಂಡರ್ ಕ್ರಾಫ್ಟ್ ಶಾ ಇಲ್ಲಿನ ತಂಪಿಗೆ ಮನಸೋತು, 1888ರಲ್ಲಿ ಬೇಸಿಗೆಯ ಮನೆ ಮಾಡಿಕೊಂಡರು. ಹಳೆಯ ನಕಾಸೆಂದೊ ಹೆದ್ದಾರಿಯ ತಂಗುದಾಣವಾಗಿದ್ದು ಕಳೆಗುಂದಿದ್ದ ಊರು ಗಿರಿಧಾಮವಾಗಿ ಮರುಹುಟ್ಟು ಪಡೆಯಿತು. 1893ರಲ್ಲಿ ಉಸುಯಿ ಕಣಿವೆಹಾದಿ ಹತ್ತುವ ರೈಲು ಬಂತು. ನೀಲಗಿರಿಯ ಊಟಿ ರೈಲಿಗಿರುವಂತೆ ಹಳಿಗಳ ನಡುವೆ ಹಲ್ಲಿನ ಪಟ್ಟಿ, ಅದೇ ಆಬ್ಟ್ ಪದ್ಧತಿ. ನಮ್ಮ ಕೂನೂರಿನ ಮಾರ್ಗಕ್ಕಿಂತ ಆರು ವರ್ಷ ಹಳೆಯದು.

ಈ ಊರಿನ ವಾಸ್ತುಶಿಲ್ಪಕ್ಕೆ ಭಾರತದೊಡನೆ ಇನ್ನೊಂದು ನಂಟಿದೆ. ಟೋಕಿಯೊದ ಇಂಪೀರಿಯಲ್ ಹೋಟೆಲ್ ಕಟ್ಟಲು ಅಮೆರಿಕದ ಫ್ರಾಂಕ್ ಲಾಯ್ಡ್ ರೈಟ್ ಜೊತೆ 1919ರಲ್ಲಿ ಜಪಾನಿಗೆ ಬಂದು ಅಲ್ಲೇ ನೆಲೆನಿಂತ ವಾಸ್ತುಶಿಲ್ಪಿ ಆಂಟೊನಿನ್ ರೇಮಂಡ್ 1933ರಲ್ಲಿ ಕರುಯಿಜಾವಾದಲ್ಲಿ ತಮ್ಮ ಬೇಸಿಗೆಮನೆ ಕಟ್ಟಿದರು. ಆಧುನಿಕ ನಕ್ಷೆ, ಊರಿನ ಬಡಗಿಗಳ ಕೈ, ಚಾವಣಿಯ ಮೇಲೆ ಲಾರ್ಚ್ ಮರದ ಕಡ್ಡಿಗಳ ಹೊದಿಕೆ. ಆ ಮನೆ ಮುಂದೆ ಊರಿನ ಕೆರೆಯೊಂದರ ದಡಕ್ಕೆ ಸ್ಥಳಾಂತರವಾಗಿ ಪೇನೆ ಮ್ಯೂಸಿಯಂ ಆಯಿತು. ಅದೇ ರೇಮಂಡ್ ಕೆಲವೇ ವರ್ಷಗಳಲ್ಲಿ ಪಾಂಡಿಚೇರಿಯ ಅರವಿಂದಾಶ್ರಮಕ್ಕೆ ಗೋಲ್ಕೊಂಡ ಎಂಬ ವಸತಿಗೃಹ ವಿನ್ಯಾಸ ಮಾಡಿಕೊಟ್ಟರು. ಕಿಟಕಿಯ ಬದಲು ಗೋಡೆಯುದ್ದಕ್ಕೂ ತಿರುಗಿಸಬಹುದಾದ ಅಡ್ಡಪಟ್ಟಿಗಳಿರುವ ಆ ಕಟ್ಟಡ ಇಂದಿಗೂ ಫ್ಯಾನಿನ ಹಂಗಿಲ್ಲದೆ ಗಾಳಿ ಕುಡಿಯುವ ಪಾಠಕ್ಕೆ ಮಾದರಿ. ರೇಮಂಡ್ ಬಳಿ ಪಳಗಿದ ಯೋಶಿಮುರಾ ಜುನ್ಜೊ 1962ರಲ್ಲಿ ಕರುಯಿಜಾವಾದ ಕಾಡಿನಲ್ಲಿ ತಮಗಾಗಿ ಕಟ್ಟಿಕೊಂಡ ಪುಟ್ಟ ಮನೆಯನ್ನು ಜಪಾನಿನ ವಾಸ್ತು ವಿದ್ಯಾರ್ಥಿಗಳು ಇಂದಿಗೂ ಅಭ್ಯಾಸ ಮಾಡುತ್ತಾರೆ. ಕೆಳಗೆ ಕಾಂಕ್ರೀಟಿನ ಕಿರಿದಾದ ಪೀಠ, ಅದರ ಮೇಲೆ ನಾಲ್ಕೂ ಕಡೆ ಚಾಚಿದ ಮರದ ಚೌಕ ಮನೆ. ತೇವದ ನೆಲ ಕೆಳಗುಳಿಯಿತು, ಕೂರುವ ಕೋಣೆ ಕೊಂಬೆಗಳ ಮಟ್ಟಕ್ಕೆ ಏರಿತು. ಗಾಜಿನ ಬಾಗಿಲು, ಸೊಳ್ಳೆಪರದೆ, ಮರದ ಕದ ಎಲ್ಲವೂ ಗೋಡೆಯೊಳಗೆ ಸರಿದು ಮಾಯವಾಗುತ್ತವೆ. ಬಾನ್ ಈ ಊರಿಗೆ ಬರುವ ಹೊತ್ತಿಗೆ ಮರಗಳ ಜೊತೆ ಬಾಳುವುದು ಹೇಗೆಂದು ಇಂಥ ಹಿರಿಯರು ಹಾಕಿಕೊಟ್ಟ ದಾರಿ ಇತ್ತು.

ಕಾನೂನಿನ ಬೆಂಬಲವೂ ಇತ್ತು. ಇದನ್ನು ಒತ್ತಿ ಹೇಳಬೇಕು, ಏಕೆಂದರೆ ಒಳ್ಳೆಯ ಕಟ್ಟಡಗಳ ಕೀರ್ತಿಯೆಲ್ಲ ವಾಸ್ತುಶಿಲ್ಪಿಗೆ ಹೋಗುತ್ತದೆ, ಊರಿನ ಪಂಚಾಯಿತಿಗೆ ಏನೂ ಸಿಗುವುದಿಲ್ಲ. 1970ರ ದಶಕದಿಂದ ಕರುಯಿಜಾವಾ ಪಟ್ಟಣವು ತನ್ನದೇ ನಿಸರ್ಗ ರಕ್ಷಣಾ ನಿಯಮಾವಳಿಯನ್ನು ಪಾಲಿಸುತ್ತ ಬಂದಿದೆ. ಬೇಸಿಗೆಮನೆಗಳ ಪ್ರದೇಶದಲ್ಲಿ ನಿವೇಶನ 1,000 ಚದರ ಮೀಟರಿಗಿಂತ ಚಿಕ್ಕದಾಗುವಂತಿಲ್ಲ, ಕಟ್ಟಡ ಅದರ ಶೇ 20ಕ್ಕಿಂತ ಹೆಚ್ಚು ನೆಲ ಮುಚ್ಚುವಂತಿಲ್ಲ, ಎತ್ತರ ಎರಡು ಅಂತಸ್ತು, 10 ಮೀಟರ್ ಮೀರುವಂತಿಲ್ಲ. ರಸ್ತೆಯಿಂದ, ನೆರೆಯವರ ಗಡಿಯಿಂದ ಇಂತಿಷ್ಟು ಹಿಂದೆ ಸರಿದೇ ಕಟ್ಟಬೇಕು. ಜನ ಬೇಸಿಗೆ ಕಳೆಯಲು ಬರುವ ವಾರಗಳಲ್ಲಿ ಸದ್ದು ಮಾಡುವ ಕಟ್ಟಡ ಕೆಲಸ ನಿಲ್ಲಿಸಬೇಕು. ರಾತ್ರಿಯಿಡೀ ತೆರೆದಿರುವ ಅಂಗಡಿಗಳಿಗೂ ಇಲ್ಲಿ ಜಾಗವಿಲ್ಲ. ಜಪಾನಿನುದ್ದಕ್ಕೂ 24 ಗಂಟೆ ಬೆಳಗುವ ಕನ್ವೀನಿಯನ್ಸ್ ಸ್ಟೋರ್‌ಗಳು ಇಲ್ಲಿ ರಾತ್ರಿ ದೀಪ ಆರಿಸುತ್ತವೆ. ಹಳೆಯ ಬಡಾವಣೆಯ ಓಣಿಗಳಲ್ಲಿ ನಡೆದರೆ ಎತ್ತರದ ಕಾಂಪೌಂಡ್ ಬದಲು ಅಸಾಮಾದ ಕಪ್ಪು ಕಲ್ಲಿನ ಮೋಟುಗೋಡೆ, ಅದರ ಮೇಲೆ ಹಸಿರು ಪಾಚಿ. ಬಾನ್ ಅವರ ಬಳುಕುವ ಗೆರೆಯ ಹಿಂದೆ ಇಷ್ಟೆಲ್ಲ ಜನರ ಸಂಯಮವಿದೆ.

ಇಲ್ಲಿ ತಂಗುವವರು ಹಗಲೆಲ್ಲ ಕೋಣೆಯಲ್ಲೇ ಇರಬೇಕಿಲ್ಲ. ಊರಿನ ಹೊಶಿನೊ ಭಾಗದಲ್ಲಿ 1914ರಿಂದ ನಡೆದುಬಂದ ಬಿಸಿನೀರಿನ ಸ್ನಾನಗೃಹದ ಪರಂಪರೆಯಿದೆ. ಅದೇ ಬೆಳೆದು 2005ರಲ್ಲಿ ಹೊಶಿನೊಯಾ ಎಂಬ ದೊಡ್ಡ ವಸತಿತಾಣವಾಯಿತು. ಹೊಳೆಯ ನೀರಿನಿಂದ ತಾನೇ ವಿದ್ಯುತ್ ಮಾಡಿಕೊಳ್ಳುವ, ಕೋಣೆಗಳಲ್ಲಿ ಟಿವಿ ಇಡದ ತಾಣ. ಪಕ್ಕದ ಹಕ್ಕಿಕಾಡಿನಲ್ಲಿ ಪಿಕಿಯೊ ಸಂಸ್ಥೆಯ ಮಾರ್ಗದರ್ಶಕರು ಬೆಳಿಗ್ಗೆ ಹಕ್ಕಿ ತೋರಿಸುತ್ತಾರೆ, ಮುಸ್ಸಂಜೆ ಗೂಡಿನಿಂದ ಹೊರಬೀಳುವ ಹಾರುವ ಅಳಿಲು ತೋರಿಸುತ್ತಾರೆ. ಈ ಕಾಡಿನಲ್ಲಿ ಕರಡಿಗಳೂ ಇವೆ. ಊರಿನತ್ತ ಬಂದ ಕರಡಿಯನ್ನು ಕೊಲ್ಲದೆ, ತರಬೇತಾದ ಕರೇಲಿಯನ್ ನಾಯಿಗಳ ಬೊಗಳಿಕೆಯಿಂದ ಕಾಡಿಗೆ ಹಿಂದಟ್ಟುವ ಕೆಲಸವೂ ಇದೇ ಸಂಸ್ಥೆಯದು. ಕಸದ ತೊಟ್ಟಿಗಳನ್ನೂ ಕರಡಿ ತೆರೆಯಲಾಗದಂತೆ ಮಾಡಿದ್ದಾರೆ.

ಶಿಶಿ-ಇವಾ ಹೌಸ್ ಮೊದಲ ಕಟ್ಟಡಕ್ಕೇ ನಿಲ್ಲಲಿಲ್ಲ. 2022ರಲ್ಲಿ ಬಾನ್ ಅವರದೇ ಎರಡನೆಯದು ಬಂತು. 2023ರಲ್ಲಿ ಮೂರನೆಯದು, ಈ ಬಾರಿ ರ್ಯೂಯೆ ನಿಶಿಜಾವಾ ಅವರಿಂದ. ಕಾಜುಯೊ ಸೆಜಿಮಾ ಜೊತೆ ಸಾನಾ ಸಂಸ್ಥೆ ನಡೆಸುವ, 2010ರ ಪ್ರಿಟ್ಸ್ಕರ್ ಹಂಚಿಕೊಂಡ ನಿಶಿಜಾವಾ ಬೇರೆಯೇ ದಾರಿ ಹಿಡಿದರು. ಒಂದೇ ಕಟ್ಟಡವನ್ನು ಬಳುಕಿಸುವ ಬದಲು, ಹಿನೊಕಿ ಮರದ ತಗ್ಗಿನ ಮಂಟಪಗಳಾಗಿ ಅದನ್ನು ಬಿಡಿಸಿ ಹರಡಿದರು. ನಡುವೆ ಪುಟ್ಟ ಅಂಗಳಗಳು, ಅವುಗಳನ್ನು ಕೂಡಿಸುವ ಹಾದಿಗಳು, ಒಂದು ಚಹಾ ಕೋಣೆ. ಕೋಣೆಯಿಂದ ಕೋಣೆಗೆ ಹೋಗುವಾಗಲೂ ತೋಟದ ಬದಿಯಲ್ಲೇ ನಡೆಯಬೇಕು. ಬಾನ್ ಕಾಡನ್ನು ಕಟ್ಟಡದ ಹೊರಗಿಟ್ಟು ನೋಡಿಸುತ್ತಾರೆ, ನಿಶಿಜಾವಾ ಅದನ್ನು ಕಟ್ಟಡದೊಳಕ್ಕೆ ಬಿಟ್ಟುಕೊಳ್ಳುತ್ತಾರೆ. ನಾನಾದರೆ ಮಳೆಗಾಲಕ್ಕೆ ನಿಶಿಜಾವಾ ಅವರದನ್ನೂ ಹಿಮಗಾಲಕ್ಕೆ ಬಾನ್ ಅವರ ಮೊದಲ ಕಟ್ಟಡವನ್ನೂ ಆರಿಸುತ್ತೇನೆ. ಇಲ್ಲಿ ಚಳಿಗಾಲದ ರಾತ್ರಿ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿಳಿಯುವುದು ಸಾಮಾನ್ಯ. ಆಗ ಅಂಗಳಕ್ಕಿಂತ ಕೂಟದ ಮನೆಯೇ ಹಿತ.

ಹೋಟೆಲಿನ ಬಾಡಿಗೆ ಕೊಡಲಾಗದವರಿಗೂ ನಿಶಿಜಾವಾ ಕೈಚಳಕ ನೋಡುವ ದಾರಿಯಿದೆ. ಜಲಪಾತಗಳ ಚಿತ್ರಗಳಿಂದ ಹೆಸರಾದ ಹಿರೋಶಿ ಸೆಂಜು ಅವರ ಮ್ಯೂಸಿಯಂ ಇದೇ ಊರಿನಲ್ಲಿ 2011ರಲ್ಲಿ ತೆರೆಯಿತು. ಅಲ್ಲಿ ನಿಶಿಜಾವಾ ನೆಲವನ್ನು ಸಮ ಮಾಡಿಸಲೇ ಇಲ್ಲ: ಹೊರಗಿನ ಭೂಮಿ ಎಷ್ಟು ಇಳಿಜಾರೋ ಒಳಗಿನ ನೆಲವೂ ಅಷ್ಟೇ ಇಳಿಜಾರು, ನಡುನಡುವೆ ಗಾಜಿನ ಬಾವಿಗಳಲ್ಲಿ ಬೆಳೆದ ಗಿಡಮರ. ಟಿಕೆಟ್ ಕೊಂಡು ಯಾರು ಬೇಕಾದರೂ ಒಳಗೆ ಹೋಗಬಹುದು. ನಡುಚಳಿಗಾಲದಲ್ಲಿ ಮುಚ್ಚಿರುತ್ತದೆ, ಹಾಗಾಗಿ ಲಾರ್ಚ್ ಬಣ್ಣ ತಿರುಗುವ ಅಕ್ಟೋಬರ್ ಕೊನೆಯ ದಿನಗಳಲ್ಲಿ ಹೋಗುವುದು ಒಳ್ಳೆಯದು.