ಮನೆಯ ತೊಳೆತಕ್ಕೆ ಹಿತ್ತಲಿನ ಪದಾರ್ಥಗಳು

ಹುನ್ನೂರ ಮತ್ತು ಅದರ ಸುತ್ತಲಿನ ಜಮಖಂಡಿ ಸೀಮೆಯ ಹಳ್ಳಿಗಳಲ್ಲಿ ಬಚ್ಚಲ ನೀರು ಬಹುತರವಾಗಿ ಹಿತ್ತಲಿನ ಬಾಳೆ, ತೆಂಗು, ಕರಿಬೇವುಗಳ ಬುಡಕ್ಕೇ ಹರಿಯುವದು. ಆ ನೀರಿನ ಸಂಗಡ ಏನು ಹೋಗುತ್ತದೆಂದು ವಿಚಾರಿಸುವವರು ಕಡಿಮೆ. ಪೇಟೆಯ ಬಟ್ಟೆ ತೊಳೆಯುವ ಪುಡಿಗಳಲ್ಲಿ ಸೋಡಾ, ಎಂದರೆ ಸೋಡಿಯಮ್ಮಿನ ಕ್ಷಾರವು, ಸಾಮಾನ್ಯವಾಗಿ ದೊಡ್ಡ ಪಾಲಾಗಿರುವದು. ಯರಿಮಣ್ಣಿನಲ್ಲಿ ಸೋಡಿಯಮ್ಮು ಕೂಡುತ್ತ ಹೋದಂತೆ ಮಣ್ಣಿನ ಹರಳುಗಳು ಒಡೆದು, ಸಣ್ಣ ಕಣಗಳು ರಂಧ್ರಗಳನ್ನು ಮುಚ್ಚಿ, ನೀರು ಕೆಳಗಿಳಿಯದೆ ನಿಲ್ಲುವದು. ಒಣಗಿದಾಗ ಮೇಲ್ಪದರು ಕಲ್ಲಿನಂತಾಗುವದು. ಕಬ್ಬಿಗೆ ಮಿತಿಮೀರಿ ನೀರು ಹಾಯಿಸಿ ಸವುಳು ಹಿಡಿದ ಹೊಲಗಳನ್ನು ಜಮಖಂಡಿ, ಮುಧೋಳ ಭಾಗದ ಜಮೀನುದಾರರು ಕಂಡೇ ಇರುವರು. ಹೊಲದ ಸವುಳಿಗೆ ಬಚ್ಚಲ ನೀರು ಕಾರಣವಲ್ಲ ನಿಜ. ಆದರೆ ಹಿತ್ತಲಿನ ಮಟ್ಟಿಗೆ ಅದೇ ರೋಗವನ್ನು ದುಡ್ಡು ಕೊಟ್ಟು ತಂದಂತಾಗುವದು.

ಇದಕ್ಕೆ ಬದಲಾಗಿ ಉಪಯೋಗಿಸತಕ್ಕ ಪದಾರ್ಥಗಳಲ್ಲಿ ಅಂಟುವಾಳಕಾಯಿಯೇ ಮೊದಲನೆಯದು. ಅದರ ಸಿಪ್ಪೆಯಲ್ಲಿರುವ ಸ್ಯಾಪೊನಿನ್ ಎಂಬ ಅಂಶವು ನೊರೆಗಟ್ಟಿ ಜಿಡ್ಡನ್ನು ಬಿಡಿಸುವದು. ಬಾವಿ, ಕೊಳವೆಬಾವಿಗಳ ಗಡುಸು ನೀರಿನಲ್ಲಿ ಸಾಬೂನು ನೀರಿನ ಸುಣ್ಣದೊಡನೆ ಕೂಡಿ ಬಿಳಿಯ ಗಸಿಯಾಗಿ ವ್ಯರ್ಥವಾಗುವದು. ಅಂಟುವಾಳದ ರಸವು ಹಾಗೆ ಗಸಿಗಟ್ಟುವದಿಲ್ಲ. ಬೀಜ ತೆಗೆದ 10-12 ಕಾಯಿಗಳ ಸಿಪ್ಪೆಯನ್ನು 1 ಲೀಟರ್ ನೀರಿನಲ್ಲಿ ರಾತ್ರಿ ನೆನೆಯಿಟ್ಟು, ಬೆಳಿಗ್ಗೆ 15-20 ನಿಮಿಷ ಕುದಿಸಿ, ಕಿವುಚಿ, ಬಟ್ಟೆಯಲ್ಲಿ ಸೋಸತಕ್ಕದ್ದು. ಈ ರಸವು ಎರಡು-ಮೂರು ದಿನಕ್ಕೆ ಹುಳಿತು ನಾರುವದರಿಂದ ಬೇಕಾದಷ್ಟನ್ನೇ ಮಾಡಬೇಕು. ಸಿಪ್ಪೆಯನ್ನು ಬಿಸಿಲಿನಲ್ಲಿ ಒಣಗಿಸಿ ಕುಟ್ಟಿಟ್ಟರೆ ವರ್ಷವಿಡೀ ಒದಗುವದು. ಪಾತ್ರೆಗೂ ನೆಲಕ್ಕೂ ಇದು ಸಾಕು. ಇಳಕಲ್ಲ ಸೀರೆಯ ರೇಷ್ಮೆಯ ಸೆರಗಿಗಂತೂ ಇದಕ್ಕಿಂತ ಮೇಲಾದುದಿಲ್ಲ, ಯಾಕಂದರೆ ಸೋಡಾದ ಕ್ಷಾರವು ರೇಷ್ಮೆಯ ಎಳೆಯನ್ನೇ ತಿನ್ನುವದು. ಬಿಳಿಯ ಅರಿವೆಗಳು ಮಾತ್ರ ಇದರಿಂದ ತುಸು ಕಂದು ಛಾಯೆ ಪಡೆಯುವವು. ಎಣ್ಣೆಯ ಹಳೆಯ ಕಲೆಗಳೂ ಪೂರ್ತಿ ಹೋಗವು. ರಸವು ಕಣ್ಣಿಗೆ ತಾಕಿದರೆ ಬಹಳ ಉರಿಯುವದು.

ಬೂದಿಯ ಉಪಯೋಗವು ಎಲ್ಲರಿಗೂ ತಿಳಿದುದೇ. ಆದರೆ ಎಲ್ಲ ಬೂದಿಯೂ ಒಂದೇ ಅಲ್ಲ. ಜಾಲಿ, ಬೇವು, ಹತ್ತಿಕಟ್ಟಿಗೆಗಳ ಬೂದಿಯಲ್ಲಿ ಪೊಟ್ಯಾಶಿನ ಕ್ಷಾರವಿದ್ದು ಜಿಡ್ಡನ್ನು ಕತ್ತರಿಸುವದು. ಗಾಣದ ಒಲೆಯಿಂದ ಬರುವ ಕಬ್ಬಿನ ಸಿಪ್ಪೆಯ ಬೂದಿಯಲ್ಲಿ ಮರಳಿನ ಅಂಶವೇ ಹೆಚ್ಚಾದ್ದರಿಂದ ಅದು ಪಾತ್ರೆಗೆ ಗೀರು ಹಾಕುವದಲ್ಲದೆ ಜಿಡ್ಡು ಬಿಡಿಸುವದರಲ್ಲಿ ಹಿಂದೆ. ಪ್ಲ್ಯಾಸ್ಟಿಕ್ ಚೀಲ, ಬಾಟಲಿಗಳನ್ನು ಸುಟ್ಟ ಒಲೆಯ ಬೂದಿಯನ್ನು ಉಣ್ಣುವ ಪಾತ್ರೆಗೆ ಎಂದೂ ಮುಟ್ಟಿಸಬಾರದು. ಅಲ್ಯೂಮಿನಿಯಮ್ಮಿನ ಪಾತ್ರೆಯನ್ನು ಕ್ಷಾರವು ಕೊರೆಯುವದು. ಮತ್ತು ಯರಿಭೂಮಿಯು ತಾನಾಗಿಯೇ ಕ್ಷಾರದ್ದಾದ್ದರಿಂದ ಬೂದಿನೀರನ್ನು ದಿನವೂ ಒಂದೇ ಗಿಡಕ್ಕೆ ಸುರಿಯದೆ ಜಾಗ ಬದಲಿಸುವದು ಲೇಸು.

ತಾಮ್ರದ ಹಂಡೆ, ಹಿತ್ತಾಳೆಯ ಕೊಡಗಳ ಕಿಲುಬಿಗೆ ಬೇಕಾದದ್ದು ಹುಳಿ, ಬೂದಿಯಲ್ಲ. ಹುಣಸೆಹಣ್ಣಿಗೆ ತುಸು ಉಪ್ಪು ಕೂಡಿಸಿ ತಿಕ್ಕಿ, ಕೂಡಲೆ ತೊಳೆದು ಒರೆಸಬೇಕು. ಕಲಾಯಿ ಹಾಕಿದ ಒಳಮೈಯನ್ನು ಹುಳಿಯಿಂದ ತಿಕ್ಕಿದರೆ ಕಲಾಯಿಯೇ ಸವೆಯುವದು. ಶಹಾಬಾದಿ ಫರಸಿಯ ನೆಲಕ್ಕೂ ಲಿಂಬೆ, ಹುಣಸೆಗಳು ತಾಕಬಾರದು. ಆ ಕಲ್ಲು ಸುಣ್ಣದ ಜಾತಿಯದಾದ್ದರಿಂದ ಹುಳಿ ಬಿದ್ದಲ್ಲಿ ಬುರುಗೆದ್ದು ಹೊಳಪು ಹೋಗುವದು.

ಈಚೆಗೆ ಬೆಲ್ಲ 1, ಲಿಂಬೆ-ಮೋಸಂಬಿಗಳ ಸಿಪ್ಪೆ 3, ನೀರು 10 ಪಾಲಿನಂತೆ ಪ್ಲ್ಯಾಸ್ಟಿಕ್ ಡಬ್ಬಿಯಲ್ಲಿ ಮೂರು ತಿಂಗಳು ಕೊಳೆಯಿಡುವ ಕ್ರಮವೊಂದು ಬಹಳ ಹೊಗಳಿಕೆ ಪಡೆದಿದೆ. ಡಬ್ಬಿಯ ಐದನೆಯ ಒಂದು ಪಾಲು ಖಾಲಿ ಬಿಟ್ಟು, ಮೊದಲ ತಿಂಗಳು ದಿನವೂ ಮುಚ್ಚಳ ಸಡಿಲಿಸಿ ಗಾಳಿ ಬಿಡದಿದ್ದರೆ ಅದು ಸಿಡಿಯುವ ಭಯವುಂಟು. ಸಿದ್ಧವಾದದ್ದು ಸೌಮ್ಯವಾದ ಹುಳಿನೀರು. ನಲ್ಲಿಯ ಸುಣ್ಣದ ಕಲೆಗೂ ಬಚ್ಚಲ ವಾಸನೆಗೂ ಒಳ್ಳೆಯದು. ಅದಕ್ಕಿಂತ ಹೆಚ್ಚಿನ ಗುಣಗಳನ್ನು ಅದಕ್ಕೆ ಆರೋಪಿಸುವದು ಸರಿಯಲ್ಲ. ಮಾರುವ ಬೆಲ್ಲವನ್ನು ಇದಕ್ಕೆ ಸುರಿಯುವದಕ್ಕಿಂತ ಕೊಪ್ಪರಿಗೆಯ ತಳದ ಕೆಟ್ಟ ಬೆಲ್ಲವನ್ನು ಬಳಸುವದು ಜಾಣತನ.

ಮೇಲಿನವುಗಳೆಲ್ಲ ಕೊಳೆಯನ್ನು ತೆಗೆಯುವವು. ರೋಗದ ಕ್ರಿಮಿಗಳನ್ನು ಕೊಲ್ಲುವವೆಂದು ನಂಬಲಾಗದು. 2019ರ ಆಗಸ್ಟದಲ್ಲಿ ಕೃಷ್ಣೆ, ಘಟಪ್ರಭೆಗಳು ಉಕ್ಕಿ ಜಮಖಂಡಿ, ಮುಧೋಳ ತಾಲೂಕುಗಳ ಮನೆಗಳನ್ನು ಹೊಕ್ಕಾಗಿನಂಥ ಹೊತ್ತಿನಲ್ಲಿಯೂ, ವಾಂತಿಭೇದಿಯಾದ ಮನೆಯಲ್ಲಿಯೂ ಬ್ಲೀಚಿಂಗ್ ಪುಡಿಯನ್ನೇ ಬಳಸತಕ್ಕದ್ದು. ಆ ಪುಡಿಗೆ ಲಿಂಬೆ, ಹುಣಸೆ, ಹುಳಿನೀರು, ಪಾಯಖಾನೆ ತೊಳೆಯುವ ಆ್ಯಸಿಡ್ ಯಾವುದನ್ನೂ ಕೂಡಿಸಲಾಗದು. ಕೂಡಿಸಿದರೆ ಹೊರಡುವ ಕ್ಲೋರಿನ್ ಗಾಳಿಯು ಮುಚ್ಚಿದ ಬಚ್ಚಲಿನಲ್ಲಿ ಪ್ರಾಣಕ್ಕೇ ಎರವಾಗುವದು. ಇದನ್ನು ಗ್ರಾಮದ ಮುಖಂಡರು ಡಂಗುರ ಹೊಡೆಸಿಯಾದರೂ ತಿಳಿಸುವದು ಯೋಗ್ಯ.

ಪಾತ್ರೆ-ಅರಿವೆಗಳ ವಿಷಯವು ಹೆಣ್ಣುಮಕ್ಕಳದೆಂದು ಜಮೀನುದಾರರು ಕಡೆಗಣಿಸುವದುಂಟು. ಆದರೆ ಸಂತೆಯಿಂದ ಪುಡಿ ತರುವವರೂ, ಬದುವಿನ ಅಂಟುವಾಳದ ಗಿಡವನ್ನು ನೆರಳಾಗುತ್ತದೆಂದು ಕಡಿಸುವವರೂ ಅವರೇ. ಗಿಡ ಬೆಳೆಸುವದು ಕಷ್ಟವಲ್ಲ. ಗಟ್ಟಿ ಬೀಜದ ಮೈಯನ್ನು ಒಂದೆಡೆ ಉಜ್ಜಿ, ಬೆಚ್ಚಗಿನ ನೀರಿನಲ್ಲಿ ಒಂದು ದಿನ ನೆನೆಯಿಟ್ಟು, ಚೀಲಗಳಲ್ಲಿ ಊರಿ, ಸಸಿಗಳನ್ನು ಮುಂಗಾರಿನ ಆರಂಭಕ್ಕೆ ಬದುವಿನಲ್ಲಿ ನಡಬೇಕು. ಬೀಜದ ಗಿಡವು ಕಾಯಿ ಬಿಡಲು ಹತ್ತು ವರ್ಷಗಳ ಸುಮಾರು ಹಿಡಿಯುವದರಿಂದ ಅಲ್ಲಿಯವರೆಗೆ ಕಾಯಿಯನ್ನು ಅಂಗಡಿಯಿಂದಲೇ ಕೊಳ್ಳಬೇಕಾಗುವದು. ಅಂಟುವಾಳದ ರಸವು ಮೀನುಗಳಿಗೆ ವಿಷವಾದ್ದರಿಂದ ಕೆರೆಯ ದಂಡೆಯಲ್ಲಾಗಲಿ ಮೀನು ಸಾಕಿದ ಕೃಷಿ ಹೊಂಡದ ಮಗ್ಗುಲಲ್ಲಾಗಲಿ ಈ ಗಿಡವನ್ನು ನಡಬಾರದು; ಇದರಿಂದ ತೊಳೆದ ನೀರನ್ನೂ ಅಲ್ಲಿಗೆ ಬಿಡಬಾರದು.