ಸೆಕೆಂಡ್ ಹ್ಯಾಂಡ್ ಹೋಂಡಾ ಸಿಟಿ: ನಮ್ಮ ಕರಾವಳಿಗೆ ಯಾವ ಮಾಡೆಲ್ ಆದೀತು? ದುಡ್ಡು ಕೊಡುವ ಮೊದಲು ಇಷ್ಟು ನೋಡಿ

ಧಾರೇಶ್ವರ: ಇಲ್ಲಿ ಹೆದ್ದಾರಿ ಬದಿಗೆ ಚಾ ಕುಡಿಯುತ್ತಾ ಅರ್ಧ ಗಂಟೆ ನಿಂತ್ರೆ ಹಳೆ ಹೋಂಡಾ ಸಿಟಿ ಎರಡು ಮೂರಾದ್ರೂ ಕಣ್ಣಿಗೆ ಬೀಳ್ತದೆ. ನಂಬರ್ ಪ್ಲೇಟ್ ನೋಡಿ. ಕೆಎ-47 ಕಮ್ಮಿ, ಕೆಎ-01, ಕೆಎ-05, ಕೆಎ-19 ಜಾಸ್ತಿ. ಅಂದ್ರೆ ಬೆಂಗಳೂರಲ್ಲೋ ಮಂಗಳೂರಲ್ಲೋ ಯಾರೋ ಹತ್ತು ವರ್ಷ ಓಡಿಸಿ ಮಾರಿದ ಕಾರು ಈಗ ನಮ್ಮ ಕಡೆ ಎರಡನೇ, ಮೂರನೇ ಮಾಲೀಕರ ಕೈಯಲ್ಲಿದೆ. ಹೊಸ ಸಣ್ಣ ಕಾರಿನ ಡೌನ್ ಪೇಮೆಂಟಿಗೆ ದೊಡ್ಡ ಕಾರೇ ಬರ್ತದೆ ಅಂದ್ಮೇಲೆ ಯಾರಿಗೆ ಆಸೆ ಆಗುದಿಲ್ಲ?

ನನಗೂ ಆಗಿತ್ತು. ಡಿಗ್ರಿ ಅರ್ಧಕ್ಕೆ ಬಿಟ್ಟು ವರದಿ ಕೆಲಸಕ್ಕೆ ಬಂದ ಮೇಲೆ ಎರಡು ಮಳೆಗಾಲ ಬೈಕಿನಲ್ಲಿ ಕ್ಯಾಮೆರಾ ನೆನೆಸಿಕೊಂಡು ಓಡಾಡಿದೆ. ಮೂರನೇ ಮಳೆಗಾಲಕ್ಕೆ ಮೊದಲು 2007ರ ಸಿಟಿ ಝಡ್‌ಎಕ್ಸ್ ಒಂದು 1 ಲಕ್ಷದ 15 ಸಾವಿರಕ್ಕೆ ಸಿಕ್ತು, ತಗೊಂಡೆ. ದೊಡ್ಡಪ್ಪನ ಹತ್ರ 2001ರ ಸಿಟಿ ಇತ್ತು. ಮಾವನ ಹತ್ರ 2012ರದು ಇದೆ. ಹೊನ್ನಾವರದ ದೋಸ್ತ ಒಬ್ಬ 2014ರ ಡೀಸೆಲ್ ಓಡಿಸ್ತಾನೆ. ಈ ನಾಲ್ಕರ ಸ್ಟೇರಿಂಗ್ ಹಿಡಿದೂ ಗೊತ್ತು, ನಾಲ್ಕರ ಕೆಳಗೆ ಮಲಗಿ ನೋಡಿಯೂ ಗೊತ್ತು. "ಯಾವುದು ತಗೊಳ್ಳೂದು ಮಾರಾಯ?" ಅಂತ ಕೇಳುವವರು ಜಾಸ್ತಿ ಆದ ಕಾರಣ ಒಮ್ಮೆ ಬರೆದೇ ಬಿಡುವ ಅಂತ.

ಮೊದಲಿನದು 1998ರಲ್ಲಿ ಬಂತು. ಗ್ರೇಟರ್ ನೋಯ್ಡಾದ ಕಾರ್ಖಾನೆಯಲ್ಲಿ ತಯಾರಾದದ್ದು. ನೆಲಕ್ಕೆ ಅಂಟಿಕೊಂಡ ಹಾಗಿರುವ ಕಾರು, ಕೂರಲಿಕ್ಕೆ ಬಗ್ಗಿ ಇಳಿಬೇಕು. 1.3 ಮತ್ತು 1.5 ಲೀಟರ್ ಇಂಜಿನ್ ಇತ್ತು. 2000ದಲ್ಲಿ ಬಂದ 1.5 ವಿಟೆಕ್‌ಗೆ 106 ಹಾರ್ಸ್‌ಪವರ್. ಆ ಕಾಲಕ್ಕೆ ಅದು ಹುಚ್ಚು ವೇಗ. ದೊಡ್ಡಪ್ಪ ಈಗಲೂ ದೇವಿಮನೆ ಘಟ್ಟ ಅಂದ ಕೂಡ್ಲೆ ಆ ಕಾರಿನ ಕಥೆ ಶುರು ಮಾಡ್ತಾರೆ. ಆದ್ರೆ ಇದರ ಇಂಜಿನ್ನಿಗೆ ಟೈಮಿಂಗ್ ಬೆಲ್ಟ್. ರಬ್ಬರಿನದು. ಕಿಲೋಮೀಟರ್ ಆಗದಿದ್ರೂ ವರ್ಷ ಆದ್ರೆ ಬೆಲ್ಟ್ ಒಣಗಿ ಬಿರುಕು ಬಿಡ್ತದೆ. ಓಡುವಾಗ ಕಡಿದ್ರೆ ವಾಲ್ವ್ ಪಿಸ್ಟನ್ನಿಗೆ ಬಡಿದು ಬಾಗಬಹುದು, ಆಗ ಇಂಜಿನ್ ಬಿಚ್ಚುವ ಖರ್ಚು ಕಾರಿನ ರೇಟಿಗಿಂತ ಜಾಸ್ತಿ. "ಬೆಲ್ಟ್ ಮೊನ್ನೆ ಹಾಕಿದ್ದು" ಅಂತ ಮಾರುವವ ಹೇಳಿದ್ರೆ ಬಿಲ್ ಕೇಳಿ. ಬಿಲ್ ಇಲ್ಲ ಅಂದ್ರೆ ಹಾಕ್ಲಿಲ್ಲ ಅಂತಲೇ ಲೆಕ್ಕ. ಶೋಕಿಗೆ ಇಟ್ಕೊಳ್ಳುವವರಿಗೆ ಸರಿ, ದಿನಾ ಓಡಾಟಕ್ಕೆ ಬೇಡ. ಬಾಡಿ ಪಾರ್ಟ್ ಹುಡುಕಲಿಕ್ಕೇ ಒಂದು ನೌಕರಿ ಬೇಕು.

ಎರಡನೆಯದು 2003ರಲ್ಲಿ. ಅಭಿಮಾನಿಗಳು 'ಡಾಲ್ಫಿನ್' ಅಂತ ಕರೆದದ್ದು ಇದನ್ನೇ. 2005ರಲ್ಲಿ ಮುಖ ಬದಲಾಗಿ ಝಡ್‌ಎಕ್ಸ್ ಆಯ್ತು, ನನ್ನದು ಅದು. ಇಲ್ಲಿ ಹೋಂಡಾದವರು ದಾರಿಯನ್ನೇ ಬದಲಾಯಿಸಿದ್ರು. 1.5 ಲೀಟರಿನ ಐ-ಡಿಎಸ್‌ಐ ಇಂಜಿನ್ನಿಗೆ ಬರೀ 77 ಹಾರ್ಸ್‌ಪವರ್, ಆದ್ರೆ ನಾಲ್ಕು ಸಿಲಿಂಡರಿಗೆ ಎಂಟು ಸ್ಪಾರ್ಕ್ ಪ್ಲಗ್. ಒಂದೊಂದು ಸಿಲಿಂಡರಿನಲ್ಲಿ ಎರಡು ಕಡೆ ಕಿಡಿ ಹತ್ತಿ ಪೆಟ್ರೋಲ್ ಪೂರ್ತಿ ಉರಿಯಲಿ, ಮೈಲೇಜ್ ಬರಲಿ ಅನ್ನುವ ಲೆಕ್ಕ. ಪೆಟ್ರೋಲ್ ಟ್ಯಾಂಕನ್ನು ಹಿಂದಿನಿಂದ ತೆಗೆದು ಮುಂದಿನ ಸೀಟಿನ ಕೆಳಗೆ ಇಟ್ಟರು, ಅದಕ್ಕೇ ಹಿಂದೆ ಕಾಲು ಚಾಚಲಿಕ್ಕೆ ಅಷ್ಟು ಜಾಗ. ಮಂಡಿನೋವಿನ ನಮ್ಮ ಅಜ್ಜಿ ಯಾರ ಕೈಯೂ ಹಿಡಿಯದೆ ಹತ್ತಿ ಇಳಿಯುವ ಕಾರು ಮನೆಯಲ್ಲಿ ಇದೊಂದೇ.

ಇದರಲ್ಲಿ ಬೆಲ್ಟ್ ಇಲ್ಲ, ಟೈಮಿಂಗ್ ಚೈನ್. ಆಯಿಲ್ ಸರಿಯಾಗಿ ಬದಲಾಯಿಸಿದ್ರೆ ಚೈನ್ ಸುಮ್ನೆ ಕೈ ಕೊಡುದಿಲ್ಲ. ಖರ್ಚು ಬರೂದು ಪ್ಲಗ್ಗಿಗೆ. ಎಂಟು ಪ್ಲಗ್, ಎಂಟು ಕಾಯಿಲ್. ಹಿಂದಿನ ಸಾಲಿನ ನಾಲ್ಕಕ್ಕೆ ಕೈ ಹಾಕೂದೇ ಕಷ್ಟ, ಹಾಗಾಗಿ ಕೆಲವು ಗ್ಯಾರೇಜಿನಲ್ಲಿ ಮುಂದಿನ ನಾಲ್ಕು ಮಾತ್ರ ಬದಲಾಯಿಸಿ ಎಂಟರ ಬಿಲ್ ಹಾಕ್ತಾರೆ. ನನಗೆ ಒಬ್ಬರು ಹಾಗೆ ಮಾಡಿದ್ರು. ಹಳೆ ಪ್ಲಗ್ ಎಂಟೂ ಕೈಗೆ ಕೊಡಿ ಅಂತ ಮೊದಲೇ ಹೇಳಿಡಿ.

ಘಟ್ಟ ಹತ್ತುವಾಗ ನಾಲ್ಕು ಜನ ಕೂತು ಎಸಿ ಹಾಕಿದ್ರೆ 77 ಹಾರ್ಸ್‌ಪವರ್ ಎಂತ ಅಂತ ಗೊತ್ತಾಗ್ತದೆ. ಎಸಿ ಬಂದ್ ಮಾಡಿ, ಕಿಟಕಿ ಇಳಿಸಿ, ಎರಡನೇ ಗೇರಿನಲ್ಲಿ ಹೋಗೂದು. ಇದೇ ಕಾರಿನಲ್ಲಿ 100 ಹಾರ್ಸ್‌ಪವರಿನ ವಿಟೆಕ್ ಕೂಡ ಬಂದಿತ್ತು, ಸಿಕ್ಕಿದ್ರೆ ಅದು ಒಳ್ಳೇದು. ಆಟೋಮ್ಯಾಟಿಕ್ ಸಿವಿಟಿ ಗೇರ್‌ಬಾಕ್ಸಿನದು ಮಾತ್ರ ಈ ವಯಸ್ಸಿಗೆ ಬೇಡ.

ಮೂರನೆಯದು 2008ರಲ್ಲಿ. ಐ-ವಿಟೆಕ್, 118 ಹಾರ್ಸ್‌ಪವರ್. ಚೂಪು ಮೂತಿ, ಅಗಲ ಮೈ, ಇವತ್ತಿಗೂ ಹಳತು ಅನಿಸುದಿಲ್ಲ. ಮುಖ್ಯ ಏನಂದ್ರೆ ಬಂದಾಗಲೇ ಎಬಿಎಸ್ ಮತ್ತು ಎರಡು ಏರ್‌ಬ್ಯಾಗ್ ಕೊಟ್ಟಿದ್ರು. ನನ್ನ ಝಡ್‌ಎಕ್ಸ್ ಕೆಳಗಿನ ಮಾಡೆಲ್, ಅದರಲ್ಲಿ ಎರಡೂ ಇಲ್ಲ. ಈ ಹೆದ್ದಾರಿಯಲ್ಲಿ ರಾತ್ರಿ ದನ ಅಡ್ಡ ಬಂದಾಗ ಎಬಿಎಸ್ ಇದ್ದ ಕಾರಿಗೂ ಇಲ್ಲದ ಕಾರಿಗೂ ಇರುವ ವ್ಯತ್ಯಾಸ ಹೇಳಿ ಮುಗಿಯೂದಲ್ಲ. ಒಂದೇ ದೂರು, ಹೊಟ್ಟೆ ತಾಗ್ತದೆ. ಐದು ಜನ ಕೂತು ಊರೊಳಗಿನ ಹಂಪ್ ದಾಟುವಾಗ ಓರೆಯಾಗಿ ಹತ್ತಿಸಬೇಕು.

ನಾಲ್ಕನೆಯದು 2014ರ ಜನವರಿಯಲ್ಲಿ ಬಂತು, ಸಿಟಿಗೆ ಮೊದಲ ಸಲ ಡೀಸೆಲ್ ಇಂಜಿನ್ ಸಿಕ್ಕಿದ್ದು ಆಗ. 1.5 ಲೀಟರ್, 100 ಹಾರ್ಸ್‌ಪವರ್, ಕಂಪನಿ ಲೆಕ್ಕದ ಮೈಲೇಜ್ 26. ದೋಸ್ತನಿಗೆ ಅಷ್ಟು ಬರುದಿಲ್ಲ, ಆದ್ರೂ ಅವ ಖುಷಿಯಲ್ಲೇ ಇದ್ದಾನೆ. ಒಳಗೆ ಸದ್ದು ಸ್ವಲ್ಪ ಜಾಸ್ತಿ. ವಾರಕ್ಕೊಮ್ಮೆ ಮಂಗಳೂರು ಹುಬ್ಬಳ್ಳಿ ಓಡಾಟ ಇದ್ದವರಿಗೆ ಮಾತ್ರ ಇದು. ಕುಮಟಾ ಪೇಟೆಗೆ ಮೀನಿಗೆ ಹೋಗಿ ಬರಲಿಕ್ಕೆ ಡೀಸೆಲ್ ಯಾಕೆ? ದೆಹಲಿಯ ಹತ್ತು ವರ್ಷದ ಡೀಸೆಲ್ ನಿಯಮ ನಮಗಿಲ್ಲ, ಆ ಹೆದರಿಕೆ ಬೇಡ.

ಇಷ್ಟು ಕಾರಿನ ಮಾತು. ಆದ್ರೆ ಬೆಂಗಳೂರಿನವರು ಮಾಡುವ ಹೋಲಿಕೆ ಇಲ್ಲಿ ಅರ್ಧ ಮಾತ್ರ ನಡೀತದೆ. ನಮ್ಮಲ್ಲಿ ಕಾರಿನ ವಯಸ್ಸು ನಿರ್ಧಾರ ಮಾಡೂದು ಗಾಳಿ.

ಉಪ್ಪುಗಾಳಿ ಮಾಡುವ ಕೆಲಸ

ಸಮುದ್ರದ ಗಾಳಿಯಲ್ಲಿ ಬರುವ ಉಪ್ಪು ತಗಡಿನ ಮೇಲೆ ಕೂತು ಗಾಳಿಯ ತೇವ ಎಳೆದುಕೊಳ್ತದೆ. ಮಳೆ ಇಲ್ಲದಿದ್ರೂ ಕಾರಿನ ಅಡಿ ಸದಾ ಪಸೆ. ಉಪ್ಪುನೀರಿನಲ್ಲಿ ಕಬ್ಬಿಣಕ್ಕೆ ತುಕ್ಕು ಹಿಡಿಯುವ ವೇಗ ಸಿಹಿನೀರಿಗಿಂತ ಎಷ್ಟೋ ಜಾಸ್ತಿ. ಮೇಲಿನ ಪೇಂಟ್ ಹೊಳೀತಾ ಇರ್ತದೆ, ಕೆಳಗೆ ಸೈಲೆನ್ಸರ್, ಬ್ರೇಕ್ ಪೈಪು, ಸಸ್ಪೆನ್ಶನ್ ಬೋಲ್ಟು, ಹಿಂದಿನ ಚಕ್ರದ ಕಮಾನು ತಿಂದು ಹೋಗಿರ್ತದೆ.

ನನ್ನ ಕಾರಿಗೆ ಆದದ್ದು ನನ್ನದೇ ತಪ್ಪಿನಿಂದ. ತಗೊಂಡ ಹೊಸತರಲ್ಲಿ ಸಂಜೆ ಬೀಚಿನ ಹತ್ರ ಹೊಯ್ಗೆ ಮೇಲೆ ನಿಲ್ಲಿಸಿ ಹರಟೆ ಹೊಡೀತಿದ್ದೆ. ಡೋರಿನ ಅಡಿಯಲ್ಲಿ ನೀರು ಇಳಿಯಲಿಕ್ಕೆ ಸಣ್ಣ ತೂತು ಇರ್ತದೆ, ಅದರಲ್ಲಿ ಹೊಯ್ಗೆ ತುಂಬಿತು. ಮಳೆಗಾಲದಲ್ಲಿ ಡೋರಿನೊಳಗೆ ನೀರು ನಿಂತಿತು. ದೀಪಾವಳಿ ಹೊತ್ತಿಗೆ ಎರಡು ಡೋರಿನ ಕೆಳಅಂಚು ಬಿಸ್ಕಿಟಿನ ಹಾಗೆ ಪುಡಿ. ತಗಡು ಕತ್ತರಿಸಿ ವೆಲ್ಡ್ ಮಾಡಿ ಪೇಂಟ್ ಹೊಡೆಸಲಿಕ್ಕೆ 14 ಸಾವಿರ ಹೋಯ್ತು. ಒಂದು ಊದುಬತ್ತಿ ಕಡ್ಡಿಯಲ್ಲಿ ಆ ತೂತು ಚುಚ್ಚಿಕೊಂಡಿದ್ರೆ ಸಾಕಿತ್ತು.

ವಾರಕ್ಕೊಮ್ಮೆ ಪೈಪು ಹಿಡಿದು ಕಾರಿನ ಅಡಿ ತೊಳೆಯಿರಿ. ಆದ್ರೆ ನೀರು ಬಾಯಿಗೆ ಹಾಕಿ ನೋಡಿ ಮೊದಲು. ಸಮುದ್ರದ ಬದಿಯ ಕೆಲವು ಬಾವಿ ಎಪ್ರಿಲ್ ಮೇ ಬಂತು ಅಂದ್ರೆ ಉಪ್ಪಾಗ್ತದೆ. ಆ ನೀರಲ್ಲಿ ತೊಳೆದ್ರೆ ತೊಳೆಯದೇ ಇದ್ದದ್ದೇ ವಾಸಿ.

ಬೆಂಗಳೂರಿನ ನಂಬರಿನ ಕಾರಿಗೆ ಇಲ್ಲಿ ಬೇಡಿಕೆ ಇರೂದು ಇದೇ ಕಾರಣಕ್ಕೆ, ಅಡಿ ಒಣಗಿರ್ತದೆ. ಆದ್ರೆ ಆ ನಂಬರಿನ ಕಾರಿಗೆ ಇನ್ನೊಂದು ತಾಪತ್ರಯ ಇದೆ. ಈ ವರದಿ ಬರೆಯಲಿಕ್ಕೆ ಕೂತದ್ದೇ ಅದಕ್ಕಾಗಿ.

ಏರ್‌ಬ್ಯಾಗ್ ಇದ್ರೆ ಸಾಲದು

ಟಕಾಟಾ ಅನ್ನುವ ಜಪಾನಿ ಕಂಪನಿ ಜಗತ್ತಿನ ಹತ್ತಾರು ಕಾರು ಕಂಪನಿಗಳಿಗೆ ಏರ್‌ಬ್ಯಾಗ್ ಕೊಡ್ತಿತ್ತು. ಏರ್‌ಬ್ಯಾಗ್ ಉಬ್ಬಿಸಲಿಕ್ಕೆ ಒಳಗೆ ಒಂದು ಲೋಹದ ಡಬ್ಬಿ ಇರ್ತದೆ, ಇನ್‌ಫ್ಲೇಟರ್ ಅಂತ. ಅದರಲ್ಲಿ ಅವರು ಅಮೋನಿಯಂ ನೈಟ್ರೇಟ್ ಬಳಸಿದ್ರು. ವರ್ಷಗಟ್ಟಲೆ ಸೆಕೆ ಮತ್ತು ತೇವ ತಾಗಿದ್ರೆ ಆ ರಾಸಾಯನಿಕ ಕೆಡ್ತದೆ. ಕೆಟ್ಟದ್ದು ಹೊರಗಿನಿಂದ ಕಾಣುದಿಲ್ಲ. ಕಾರು ಎಲ್ಲಾದ್ರೂ ಗುದ್ದಿದಾಗ ಅದು ಲೆಕ್ಕಕ್ಕಿಂತ ಜೋರಾಗಿ ಸಿಡಿದು ಲೋಹದ ಡಬ್ಬಿಯನ್ನೇ ಒಡೀತದೆ. ಚೂರುಗಳು ಕೂತವರ ಮುಖಕ್ಕೆ, ಕುತ್ತಿಗೆಗೆ.

2014ರ ಜುಲೈಯಲ್ಲಿ ಮಲೇಷ್ಯಾದಲ್ಲಿ ಗರ್ಭಿಣಿ ಒಬ್ಬರು ಹೀಗೆ ತೀರಿಹೋದರು. ಓಡಿಸ್ತಿದ್ದದ್ದು 2003ರ ಮಾಡೆಲಿನ ಹೋಂಡಾ ಸಿಟಿ. ದೊಡ್ಡ ವೇಗವೂ ಇರ್ಲಿಲ್ಲ. ಮಲೇಷ್ಯಾದ ಹವೆ ಎಂಥದ್ದು ಅಂತ ಕೇಳಿದ್ರೆ, ನಮ್ಮ ಕರಾವಳಿಯ ಹಾಗೇ. ಸೆಕೆ, ಬೆವರು, ಮಳೆ.

ಹೋಂಡಾದವರು ಭಾರತದಲ್ಲೂ ಈ ಕಾರುಗಳನ್ನು ಕಂತು ಕಂತಾಗಿ ವಾಪಸ್ ಕರೆದು ಇನ್‌ಫ್ಲೇಟರ್ ಬದಲಾಯಿಸಿದ್ದಾರೆ. 2017ರಲ್ಲಿ 2012ರ ಮಾಡೆಲಿನ 41,580 ಕಾರು, 2018ರಲ್ಲಿ 2013ರ ಮಾಡೆಲಿನ 22,834 ಕಾರು ಪಟ್ಟಿಗೆ ಬಂದವು. ಎರಡರಲ್ಲೂ ಸಿಟಿ ಇದೆ. ಅದಕ್ಕಿಂತ ಹಳೆ ಮಾಡೆಲಿಗೆ ಮೊದಲೇ ಕರೆ ಹೋಗಿತ್ತು. ಮಾಲೀಕರು ಒಂದು ರೂಪಾಯಿ ಕೊಡಬೇಕಾಗಿಲ್ಲ. ಟಕಾಟಾ ಕಂಪನಿ 2017ರಲ್ಲೇ ದಿವಾಳಿ ಎದ್ದಿತು.

ಹಾಗಾದ್ರೆ ಎಲ್ಲ ಸರಿ ಆಯ್ತಲ್ಲ ಅಂದ್ರೆ, ಇಲ್ಲ. ಕರೆ ಹೋಗೂದು ಕಂಪನಿಯ ದಾಖಲೆಯಲ್ಲಿರುವ ಮಾಲೀಕರಿಗೆ. ಆ ಮಾಲೀಕರು ಜಯನಗರದಲ್ಲಿ ಕಾರು ಮಾರಿ, ಫೋನ್ ನಂಬರ್ ಬದಲಾಯಿಸಿ ಎಷ್ಟು ವರ್ಷ ಆಯ್ತೋ. ಕಾರು ಎರಡು ಕೈ ದಾಟಿ ಧಾರೇಶ್ವರದಲ್ಲಿದೆ, ಸರ್ವಿಸ್ ಆಗೂದು ಹೆದ್ದಾರಿ ಬದಿಯ ಗ್ಯಾರೇಜಿನಲ್ಲಿ. ಈಗ ಓಡಿಸುವವನಿಗೆ ಇಂಥದ್ದೊಂದು ಇದೆ ಅಂತ ಹೇಳುವವರು ಯಾರು?

ನೋಡೂದು ಸುಲಭ. ಆರ್‌ಸಿಯಲ್ಲಿ ಚಾಸಿಸ್ ನಂಬರ್ ಅಂತ 17 ಅಕ್ಷರ, ಅಂಕಿ ಇರ್ತದೆ. ಹೋಂಡಾದ ವೆಬ್‌ಸೈಟಿನಲ್ಲಿ ಹಾಕಿ ನೋಡಬಹುದು, ಇಲ್ಲ ಯಾವುದೇ ಅಧಿಕೃತ ಸರ್ವಿಸ್ ಸೆಂಟರಿಗೆ ಫೋನ್ ಮಾಡಿ ಆ ನಂಬರ್ ಹೇಳಿ ಕೇಳಬಹುದು. ಮಾವನ ಕಾರಿನದು ನೋಡಿದ್ವು. ಮೊದಲ ಮಾಲೀಕರೇ ಬದಲಾಯಿಸಿಕೊಂಡಿದ್ರು, ಅದರ ಕಾಗದ ಡ್ಯಾಶ್‌ಬೋರ್ಡಿನ ಡ್ರಾವರಿನಲ್ಲಿ ಇನ್ಶೂರೆನ್ಸ್ ಕಾಗದದ ಅಡಿ ಸಿಕ್ತು. ಐದು ವರ್ಷದಿಂದ ಅಲ್ಲೇ ಇತ್ತು, ಮಾವ ಓದ್ಲಿಲ್ಲ ಅಷ್ಟೇ.

ಇನ್ನೊಂದು, ಕೀಲಿ ತಿರುಗಿಸಿದ ಕೂಡ್ಲೆ ಮೀಟರಿನಲ್ಲಿ ಏರ್‌ಬ್ಯಾಗಿನ ದೀಪ ಹತ್ತಿ ಕೆಲವು ಸೆಕೆಂಡಿನಲ್ಲಿ ಆರಬೇಕು. ಹತ್ತಿಯೇ ಇದ್ರೆ ದೋಷ. ಹತ್ತಲೇ ಇಲ್ಲ ಅಂದ್ರೆ ಇನ್ನೂ ಅನುಮಾನ ಪಡಿ. ಅಪಘಾತ ಆಗಿ ಏರ್‌ಬ್ಯಾಗ್ ಬಿಚ್ಚಿಕೊಂಡ ಕಾರಿಗೆ ಹೊಸತು ಹಾಕದೆ ದೀಪದ ವಯರ್ ತೆಗೆದು ಮಾರುವವರಿದ್ದಾರೆ.

ಕಾಗದ ಮತ್ತು ಪೆಟ್ರೋಲ್

ಖಾಸಗಿ ಕಾರಿನ ಆರ್‌ಸಿ 15 ವರ್ಷಕ್ಕೆ. ಆಮೇಲೆ ಆರ್‌ಟಿಒದಲ್ಲಿ ಕಾರು ತೋರಿಸಿ ಐದೈದು ವರ್ಷಕ್ಕೆ ನವೀಕರಣ. ಮೊದಲು 600 ರೂಪಾಯಿ ಇದ್ದ ಶುಲ್ಕ 2022ರ ಎಪ್ರಿಲಿನಿಂದ 5 ಸಾವಿರ. 20 ವರ್ಷ ದಾಟಿದ ಕಾರಿಗೆ 2025ರ ಆಗಸ್ಟಿನಿಂದ 10 ಸಾವಿರ. ಹಸಿರು ತೆರಿಗೆ ಬೇರೆ. 2010ರ ಕಾರಿಗೆ 2025ರಲ್ಲೇ 15 ತುಂಬಿತು, ಹಾಗಾಗಿ ಅಗ್ಗಕ್ಕೆ ಸಿಗುವ ಕಾರಿನ ರೇಟಿಗೆ ಈ ಖರ್ಚು ಸೇರಿಸಿ ನೋಡಿ.

ಪೆಟ್ರೋಲಿನಲ್ಲಿ ಈಗ ಶೇ 20 ಎಥೆನಾಲ್. 2009ರ ಜನವರಿಯಿಂದ ತಯಾರಾದ ಕಾರುಗಳ ಬಿಡಿಭಾಗ ಇದಕ್ಕೆ ಹೊಂದಿಕೊಳ್ತದೆ ಅಂತ ಹೋಂಡಾ ಹೇಳಿದೆ. ನನ್ನ ಝಡ್‌ಎಕ್ಸ್, ದೊಡ್ಡಪ್ಪನ ಹಳೆಯದು ಆ ಗೆರೆಯ ಆಚೆಗೆ ಉಳಿದವು. ಎಥೆನಾಲ್ ಹಳೆ ರಬ್ಬರ್ ಪೈಪನ್ನು ಸಡಿಲ ಮಾಡ್ತದೆ, ನೀರಿನ ಪಸೆಯನ್ನೂ ಎಳೆದುಕೊಳ್ತದೆ. ನಾನು ಪೆಟ್ರೋಲ್ ಪೈಪುಗಳನ್ನು ಬದಲಾಯಿಸಿಕೊಂಡೆ, ಮಳೆಗಾಲದಲ್ಲಿ ವಾರಗಟ್ಟಲೆ ನಿಲ್ಲಿಸುದಿದ್ರೆ ಟ್ಯಾಂಕ್ ಖಾಲಿ ಇಡುದಿಲ್ಲ.

ಈಗ ಕೇಳಿದ್ರೆ ನನ್ನ ಉತ್ತರ: ಮನೆಮಂದಿಗೆ ಅಂತಾದ್ರೆ 2009ರಿಂದ 2013ರ ಒಳಗಿನ ಪೆಟ್ರೋಲ್, ಕೈಗೇರಿನದು. ಚಾಸಿಸ್ ನಂಬರ್ ನೋಡಿ, ಅಡಿಯಲ್ಲಿ ಟಾರ್ಚ್ ಹಿಡಿದು ನೋಡಿ, ಆಮೇಲೆ ಅಡ್ವಾನ್ಸ್. ಬಜೆಟ್ ಒಂದೂವರೆ ಲಕ್ಷದೊಳಗೆ, ಕೈ ಎಣ್ಣೆ ಮಾಡಿಕೊಳ್ಳಲಿಕ್ಕೆ ಬೇಜಾರಿಲ್ಲ ಅಂದ್ರೆ ಝಡ್‌ಎಕ್ಸ್. ನಾನು ನನ್ನದನ್ನು ಮಾರುದಿಲ್ಲ, ಅಜ್ಜಿಗೆ ಬೇರೆ ಕಾರು ಹತ್ತಲಿಕ್ಕೆ ಆಗುದಿಲ್ಲ.

ಹಳದಿಪುರ ಕಡೆಯ ಪರಿಚಯದವರೊಬ್ಬರು ಮೊನ್ನೆ 2013ರದ್ದು ತಗೊಂಡ್ರು, ಬಿಳಿ, ಬೆಂಗಳೂರು ನಂಬರ್, ಅಡಿಯಲ್ಲಿ ಒಂದು ಚೂರೂ ತುಕ್ಕಿಲ್ಲ. ಆರ್‌ಸಿ ಫೋಟೋ ಕಳ್ಸಿ, ಚಾಸಿಸ್ ನಂಬರ್ ನೋಡುವ ಅಂದಿದ್ದೆ. "ನಾಳೆ ಕಳಿಸ್ತೆ" ಅಂದ್ರು. ಎರಡು ವಾರ ಆಯ್ತು. ಮಕ್ಕಳನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ದಿನಾ ಶಾಲೆಗೆ ಬಿಡ್ತಾರೆ.