ಪ್ರಣವದ ಅನುರಣನವೂ ವೇಗಸ್ ನರವೂ

ಶೃಂಗೇರಿಯ ಶಾರದಾಪೀಠದ ಪಾಠಶಾಲೆಯಲ್ಲಿ, ಕೊಪ್ಪ ತಾಲ್ಲೂಕಿನ ಹರಿಹರಪುರದ ಮಠದಲ್ಲಿ, ನರಸಿಂಹರಾಜಪುರದ ಸಿಂಹನಗದ್ದೆಯ ಜೈನ ಬಸದಿಯಲ್ಲಿ, ಅದೇ ತಾಲ್ಲೂಕಿನ ಬಾಳೆಹೊನ್ನೂರಿನ ವೀರಶೈವ ಪೀಠದಲ್ಲಿ, ಸಿದ್ಧಾಂತದಿಂದ ಪರಸ್ಪರ ಭಿನ್ನವಾದ ಪರಂಪರೆಗಳೆಲ್ಲವೂ ಸಮಾನವಾಗಿ ಉಚ್ಚರಿಸುವ ಧ್ವನಿಯೊಂದುಂಟು, ಅದು ಓಂಕಾರ. ಅದರ ಅರ್ಥವನ್ನು ವಿಚಾರಿಸುವುದು ಆಯಾ ಶಾಸ್ತ್ರಗಳ ಅಧಿಕಾರಕ್ಕೆ ಸೇರಿದ್ದು. ಉಚ್ಚರಿಸುವವನ ಶರೀರದಲ್ಲಿ ಏನು ಸಂಭವಿಸುತ್ತದೆಂಬುದಾದರೋ ಶರೀರವಿಜ್ಞಾನದ ಪ್ರಶ್ನೆ.

ತುಟಿ ಮುಚ್ಚಿ ಮಕಾರವನ್ನು ದೀರ್ಘವಾಗಿ ಎಳೆಯುತ್ತಿರುವಾಗ ಕಿವಿಯ ಸುತ್ತ ಬೆರಳಿಟ್ಟು ನೋಡಿದರೆ ತಲೆಬುರುಡೆಯ ಎಲುಬು ಸಣ್ಣಗೆ ಕಂಪಿಸುವುದು ತಿಳಿಯುತ್ತದೆ. ಕಿವಿಯ ಚರ್ಮಕ್ಕೆ ವೇಗಸ್ ನರದ ಒಂದು ಕಿರುಗವಲು ಬಂದು ಸೇರಿದೆ. ಗುಗ್ಗೆ ತೆಗೆಯುವಾಗ ಕೆಲವರಿಗೆ ಇದ್ದಕ್ಕಿದ್ದಂತೆ ಕೆಮ್ಮು ಬರುವುದು ಈ ಕವಲಿನ ದೆಸೆಯಿಂದಲೇ. ಮಿದುಳಿನ ಬುಡದಿಂದ ಹೊರಟು ಕಂಠ, ಹೃದಯ, ಶ್ವಾಸಕೋಶ, ಜಠರಗಳವರೆಗೆ ಹಬ್ಬಿರುವ ಈ ನರದ ತಂತುಗಳಲ್ಲಿ ನೂರಕ್ಕೆ ಸುಮಾರು 80ರಷ್ಟು ದೇಹದ ವರ್ತಮಾನವನ್ನು ಮಿದುಳಿಗೆ ಮುಟ್ಟಿಸತಕ್ಕವು.

ಬೆಕ್ಕುಗಳಲ್ಲಿ ಈ ನರವನ್ನು ಪ್ರಚೋದಿಸಿದರೆ ಮಿದುಳಿನ ವಿದ್ಯುತ್ತರಂಗಗಳು ಬದಲಾಗುವುವೆಂದು ಬೈಲಿ ಮತ್ತು ಬ್ರೆಮರ್ ಎಂಬ ವಿಜ್ಞಾನಿಗಳು 1938ರಲ್ಲಿಯೇ ತೋರಿಸಿದ್ದರು. 1988ರಲ್ಲಿ ಅಮೆರಿಕದ ವೈದ್ಯರು ಮೂರ್ಛೆರೋಗಿಯೊಬ್ಬರ ಎದೆಯ ಚರ್ಮದಡಿಯಲ್ಲಿ ಪುಟ್ಟ ಯಂತ್ರವೊಂದನ್ನು ಹುದುಗಿಸಿ, ಅದರ ತಂತಿಯನ್ನು ಕುತ್ತಿಗೆಯ ಎಡಭಾಗದ ವೇಗಸ್‌ಗೆ ಸುತ್ತಿದರು. ಬಲಗಡೆಯ ನರಕ್ಕೆ ಹೃದಯದ ಬಡಿತದ ಮೇಲೆ ಹಿಡಿತ ಹೆಚ್ಚಾದುದರಿಂದ ಅದನ್ನು ಮುಟ್ಟುವುದಿಲ್ಲ. ಸಾಮಾನ್ಯವಾಗಿ 30 ಸೆಕೆಂಡು ವಿದ್ಯುತ್ತು, ಆಮೇಲೆ 5 ನಿಮಿಷ ಬಿಡುವು. ವಿದ್ಯುತ್ತು ಹರಿಯುವಷ್ಟು ಹೊತ್ತು ಅನೇಕರ ದನಿ ಗೊಗ್ಗರಾಗುವುದುಂಟು, ಧ್ವನಿಪೆಟ್ಟಿಗೆಯ ನರವೂ ಇದರ ಶಾಖೆಯೇ ಆದುದರಿಂದ.

ಮಿದುಳಿನೊಳಗಿನ ಮಾರ್ಗವೇ ನಿಜವಾಗಿ ವಿಸ್ಮಯಕರವಾದದ್ದು. ಮಿದುಳುಕಾಂಡದ ನರಕೋಶಗುಚ್ಛವೊಂದರಲ್ಲಿ ಮೊದಲು ಬಂದಿಳಿಯುವ ಸಂದೇಶವು ಅಲ್ಲಿಂದ ಲೋಕಸ್ ಸೆರೂಲಿಯಸ್ ಎಂಬ ಅತ್ಯಲ್ಪ ಗಾತ್ರದ ಕೇಂದ್ರವನ್ನು ಮುಟ್ಟುತ್ತದೆ. ಆ ಕೇಂದ್ರವಾದರೋ ತನ್ನ ತಂತುಗಳನ್ನು ಮಿದುಳಿನ ಬಹುಭಾಗಕ್ಕೆ ಚಾಚಿ ನಾರ್‌ಅಡ್ರಿನಲಿನ್ ದ್ರವ್ಯವನ್ನು ಸ್ರವಿಸುವುದರಿಂದ, ಕುತ್ತಿಗೆಯಲ್ಲಿ ಕೊಟ್ಟ ಸಣ್ಣ ಪ್ರಚೋದನೆಯು ಭಯ, ಸ್ಮೃತಿ, ಎಚ್ಚರಗಳನ್ನು ಆಳುವ ದೂರದೂರದ ಭಾಗಗಳ ವ್ಯಾಪಾರವನ್ನೂ ಅವುಗಳ ಪರಸ್ಪರ ಸಂಬಂಧವನ್ನೂ ಬದಲಿಸಲು ಶಕ್ತವಾಗುತ್ತದೆ. ಇಲಿಗಳಲ್ಲಿ ಈ ಕೇಂದ್ರವನ್ನು ನಾಶಪಡಿಸಿದಾಗ ಮೂರ್ಛೆಯನ್ನು ತಡೆಯುವ ವೇಗಸ್ಸಿನ ಸಾಮರ್ಥ್ಯವೇ ಉಡುಗಿಹೋಯಿತು.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಬಿ. ಎನ್. ಗಂಗಾಧರ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಪ್ರಯೋಗವು ಓಂಕಾರ, ವೇಗಸ್ ಎಂಬ ಈ ಎರಡು ಎಳೆಗಳನ್ನು ಕೂಡಿಸಿತು. ಆರೋಗ್ಯವಂತರಾದ 12 ಮಂದಿ ಎಂಆರ್‌ಐ ಯಂತ್ರದೊಳಗೆ ಮಲಗಿ ಓಕಾರವನ್ನು 5 ಸೆಕೆಂಡು, ಮಕಾರವನ್ನು 10 ಸೆಕೆಂಡು ಉಚ್ಚರಿಸಿದರು. ಹೋಲಿಕೆಗಾಗಿ ಅಷ್ಟೇ ಕಾಲ ‘ಸ್ಸ್ಸ್’ ಎಂದರು. ಉಸಿರು ಬಿಡುವ ಅವಧಿ ಎರಡರಲ್ಲಿಯೂ ಒಂದೇ, ಕಿವಿಯ ಸುತ್ತಣ ಕಂಪನ ಮಾತ್ರ ಬೇರೆ. ಪ್ರಯೋಗದ ಜಾಣ್ಮೆಯೆಲ್ಲ ಇದರಲ್ಲಿದೆ. ಓಂಕಾರದ ವೇಳೆ ಅಮಿಗ್ಡಲ, ಹಿಪೊಕ್ಯಾಂಪಸ್, ಥಲಮಸ್ ಮೊದಲಾದ ಭಾಗಗಳ ಚಟುವಟಿಕೆ ತಗ್ಗಿತು, ಸಕಾರದಲ್ಲಿ ಹಾಗಾಗಲಿಲ್ಲ. ವೇಗಸ್ ಪ್ರಚೋದನೆಯ ಚಿಕಿತ್ಸೆಯಲ್ಲಿಯೂ ಇಂಥದೇ ಪರಿಣಾಮ ಕಂಡಿದ್ದುದರಿಂದ, ಕಂಪನವು ಕಿವಿಯ ಆ ಕವಲಿನ ಮೂಲಕವೇ ಮಿದುಳನ್ನು ಮುಟ್ಟುತ್ತಿರಬಹುದೆಂದು ಅವರು ಊಹಿಸಿದರು.

ಇದು ಊಹೆಯೇ ಹೊರತು ಸಿದ್ಧಾಂತವಲ್ಲ. ನರದಲ್ಲಿ ಹರಿದ ಸಂದೇಶವನ್ನು ಆ ಪ್ರಯೋಗ ಅಳೆಯಲಿಲ್ಲ. ಎಂಆರ್‌ಐ ಕಾಣುವುದು ಮಿದುಳಿನ ರಕ್ತದಲ್ಲಾಗುವ ಆಮ್ಲಜನಕದ ವ್ಯತ್ಯಾಸವನ್ನು ಮಾತ್ರ. ಹನ್ನೆರಡು ಮಂದಿ ಆರೋಗ್ಯವಂತರಲ್ಲಿ ಕಂಡುಬಂದ ಕ್ಷಣಿಕ ಬದಲಾವಣೆಯನ್ನು ರೋಗಪರಿಹಾರವೆಂದು ಸಾರುವುದು ವಿಜ್ಞಾನಕ್ಕೂ ಪ್ರಣವಕ್ಕೂ ಅನ್ಯಾಯ. ನಮ್ಮ ಮಲೆನಾಡಿನ ಹಳ್ಳಿಗಳಲ್ಲಿ ಮೂರ್ಛೆರೋಗಕ್ಕೆ ಮಾತ್ರೆ ನುಂಗುತ್ತಿರುವವರು ಜಪವನ್ನು ನಂಬಿ ಮಾತ್ರೆಯನ್ನು ತಟ್ಟನೆ ನಿಲ್ಲಿಸಿದರೆ ಪ್ರಾಣಾಂತಿಕವಾದ ದೀರ್ಘ ಸೆಳವು ಬರುವ ಸಂಭವವುಂಟು. ಎದೆಯಲ್ಲಿ ಯಂತ್ರವನ್ನು ಧರಿಸಿದ ರೋಗಿಗಳು ಸಹ ಸಾಮಾನ್ಯವಾಗಿ ಅದರೊಡನೆ ಮಾತ್ರೆಗಳನ್ನು ಮುಂದುವರಿಸುತ್ತಾರೆ.